ಅರ್ಧ ನವಿಲು

ಸೊಲ್ಲಾಪುರದ ಮಗ್ಗದ ಶೆಡ್ಡಿನಿಂದ
ಸುಗಲಾ ಚಿಗವ್ವ ಉಡಿಯಲ್ಲಿ ಕಟ್ಟಿ ತಂದಳು
ಚಾದರದಿಂದ ಕತ್ತರಿಸಿ ಒಗೆದ ಅಂಚು:
ಕೆಂಪು, ಗಿಣಿಹಸಿರು,
ಒಂದರಲ್ಲಿ ಅರ್ಧ ನವಿಲು.

ನಾಳೆ ಗುರುಬಸುವಿಗೆ ವರ್ಷ ತುಂಬುತ್ತದೆ.
"ಅಂಗಡಿ ಪುಗ್ಗಾ ಕೇಳಬ್ಯಾಡ್ರಿ," ಅಂದಳು
ಬಾಯಲ್ಲಿ ಸೂಜಿ ಕಚ್ಚಿಕೊಂಡೇ.
ಹಳೆಯ ಲಗ್ನಪತ್ರಿಕೆ ತ್ರಿಕೋನ ತ್ರಿಕೋನ ಕತ್ತರಿಸಿದೆವು.
ಯಾರದೋ ಗಣಪನ ಮೇಲೆ ಮಾತ್ರ
ಕತ್ತರಿ ಆಡಿಸಲು ಯಾರಿಗೂ ಧೈರ್ಯವಾಗಲಿಲ್ಲ;
ಇಡಿಯಾಗಿಯೇ ನಡುವೆ ತೂಗಿದ.

ಕೇಕಿಲ್ಲ. ಶೇಂಗಾ ಹುರಿದು, ಬೆಲ್ಲ ಕುಟ್ಟಿ
ಲಟ್ಟಿಸಿದ ಹೋಳಿಗೆ ಇಪ್ಪತ್ತೆಂಟು.
ಬಂದವರು ಐವತ್ತೈದು.
ಚಿಗವ್ವ ಹೊಸ್ತಿಲಲ್ಲೇ ತಲೆ ಎಣಿಸಿ
ಒಳಗೆ ಹೋಗಿ ಚಾಕು ತಗೊಂಡಳು.
ಎಲ್ಲರಿಗೂ ಅರ್ಧಚಂದ್ರ,
ತುಪ್ಪ ಸವರಿ, ತಟ್ಟೆಯಲ್ಲಿಟ್ಟು.

ಪಕ್ಕದ ಮನೆಯ ಕುಸುಮತಾಯಿ ತೋರಣ ಮುಟ್ಟಿ
"ಕಿತೀ ಛಾನ್! ಎಷ್ಟು ಬಿತ್ತು?" ಅಂದಾಗ
ಚಿಗವ್ವ ನಗಲಿಲ್ಲ,
ಒಂದು ದರ ಹೇಳಿದಳು.
ಕುಸುಮತಾಯಿ ಚೌಕಾಸಿಗೆ ಕೂತರು.

ರಾತ್ರಿ ಎಲ್ಲ ಬಿಚ್ಚಿ ಸುತ್ತಿಟ್ಟಳು,
ಚಳಿಗೆ ಕೌದಿಯಾಗಲಿ ಎಂದು.
ಉಳಿದ ಅರ್ಧ ಹೋಳಿಗೆ ಮೆಲ್ಲುತ್ತ
ನವಿಲನ್ನು ದೀಪಕ್ಕೆ ಹಿಡಿದು ನೋಡಿದಳು:
"ಇದರ ಬಾಲ
ಯಾವ ಮನ್ಯಾಗ ಹೊದ್ದು ಮಲಗೇದೋ."