ಒಹಾಯೊ

ನಮ್ಮ ಓಣಿಯ ಮಗ್ಗಗಳನ್ನೆಲ್ಲ ಯುದ್ಧ
ಕಬ್ಬಿಣವೆಂದು ತೂಗಿ ಒಯ್ದಿತ್ತು.
ಉಳಿದದ್ದು ತೊಮೆಯ ಹೊಲಿಗೆ ಮಶೀನು,
ಅದೂ ಇದ್ದಿಲ ಮೂಟೆಗಳ ಹಿಂದೆ ಅಡಗಿ ಕೂತದ್ದರಿಂದ.

ಬಟ್ಟೆಯನ್ನು ಅದುಮುವ ಪಾದ ಇದಕ್ಕಿಲ್ಲ.
ಸೂಜಿ ಎಡಕ್ಕೂ ಬಲಕ್ಕೂ ತೂಗುತ್ತದೆ,
ಎಷ್ಟು ಅಗಲ ಎಂಬುದು ಬಲ ಮೊಣಕಾಲಿಗೆ ಗೊತ್ತು.
‘ಕೈಗೆ ಹೇಳಬೇಡ ಹಿಸಾ, ಮೊಣಕಾಲಿಗೆ ಹೇಳು.’
ಹದಿನಾಲ್ಕರ ನಾನು ಮೊದಲ ತಿಂಗಳು
ಬರೀ ಹುಲ್ಲು ಹೊಲಿದೆ. ಎರಡನೆಯ ತಿಂಗಳು, ಮೀಸೆ.

ಮದುವಣಗಿತ್ತಿಯರ ನಡುಪಟ್ಟಿಯ ಮೇಲೆ
ಕೊಕ್ಕರೆ ಹಾರಿಸಿದ ಕೈ ಅವಳದು.
ಈಗ ಯೊಕೊಸುಕಾ ಬಂದರಿನಿಂದ ದಲ್ಲಾಳಿ ಹೊಶಿನೊ
ಹೊಳೆವ ಜಾಕೆಟಿನ ತುಂಡುಗಳನ್ನು ಗಂಟುಕಟ್ಟಿ ತರುತ್ತಾನೆ:
ಬೆನ್ನಿಗೆ ಹದ್ದು. ಬೆನ್ನಿಗೆ ಡ್ರ್ಯಾಗನ್. ಬೆನ್ನಿಗೆ ಹುಲಿ.
ಪ್ಯಾರಾಚೂಟಿನ ರೇಷ್ಮೆ ಇದು ಎಂದು ಸಿಪಾಯಿಗಳ ನಂಬಿಕೆ.
‘ನಂಬಲಿ,’ ತೊಮೆ ದಾರ ಕಚ್ಚಿ ತುಂಡರಿಸುತ್ತಾಳೆ,
‘ಆಕಾಶದಿಂದ ಬಿದ್ದದ್ದೆಲ್ಲ ರೇಷ್ಮೆಯಾಗಿದ್ದರೆ...’
ಮಾತು ಅಲ್ಲಿಗೇ ಬಿಡುತ್ತಾಳೆ.

ಹುಲಿಯನ್ನು ನಾವಿಬ್ಬರೂ ಕಂಡವರಲ್ಲ.
ತೋಫು ಅಂಗಡಿಯ ಬೆಕ್ಕು ಕಿಟಕಿಯಲ್ಲಿ ಕೂರುತ್ತಿತ್ತು.
ಅದಕ್ಕೇ ನಮ್ಮ ಹುಲಿಗಳು ಘರ್ಜಿಸುವಾಗಲೂ
ಮೀನೇನಾದರೂ ಇದೆಯೇ ಎಂದು ಕೇಳುವಂತಿರುತ್ತವೆ.

ಒಂದು ಚೀಟಿ ಬಂತು. ಎದೆಗೆ ಹೆಸರು,
ಹುಲಿಯ ನೆತ್ತಿಯ ಮೇಲೆ ಊರು.
ಪಕ್ಕದಲ್ಲಿ ಹೊಶಿನೊ ನಮ್ಮ ಲಿಪಿಯಲ್ಲಿ ಗೀಚಿದ್ದ: ಒಹಾಯೊ.
ಬೆಳಿಗ್ಗೆ ಎದುರಾದವರಿಗೆಲ್ಲ ನಾವು ಹೇಳುವ ಮಾತು!
‘ಇದನ್ನು ಬೆನ್ನ ಮೇಲೆ ಬರೆಸುತ್ತಾರೆಯೇ ಯಾರಾದರೂ?’
ತೊಮೆ ನಕ್ಕಳು, ನಕ್ಕು ಕೆಮ್ಮಿದಳು,
ಆಮೇಲೆ ಯಾರೂ ಕೇಳದ ಒಬ್ಬ ಸೂರ್ಯನನ್ನು
ಹುಲಿಯ ಕಿವಿಯ ಹಿಂದೆ ಇಟ್ಟಳು, ಅರ್ಧ ಮಾತ್ರ,
ಹಳದಿಯ ಮೇಲೆ ಕಿತ್ತಳೆ,
ಕೂಲಿಯ ಲೆಕ್ಕಕ್ಕೆ ಬಾರದ ಆರುನೂರು ಹೊಲಿಗೆ.

ಜಾಕೆಟು ಹೋಯಿತು. ಮಳೆ ಮುಗಿದ ಮೇಲೆ ಮರಳಿತು.
ಬರೆಸಿದವನು ಕೊರಿಯಾಕ್ಕೆ ಹೋದವನು, ಅಂಗಡಿಗೆ ಬಂದಿಲ್ಲ.
ಹೆಸರು ಬಿಚ್ಚಿ ಕೊಡಿ, ಇನ್ನೊಬ್ಬನಿದ್ದಾನೆ.

ಬಿಚ್ಚುವ ಕೆಲಸ ಕಿರಿಯಳದು.
ಸಣ್ಣ ಕತ್ತರಿ, ಚಿಮಟ, ಓದಲು ಬಾರದ ಅಕ್ಷರ:
ಒಂದು ಕೊಕ್ಕೆ, ಒಂದು ದುಂಡು, ಒಂದು ಏಣಿ,
ಆಮೇಲೆ ನಡುವೆ ಇಳಿಜಾರಿರುವ ಎರಡು ಕಂಬ.
ಎಳೆಗಳು ಬಂದವು. ತೂತುಗಳು ಬರಲಿಲ್ಲ.
ಅಸಲು ರೇಷ್ಮೆಯಾಗಿದ್ದರೆ ಉಗುರಿಂದ ಉಜ್ಜಿದರೆ ಕೂಡಿಕೊಳ್ಳುತ್ತಿತ್ತು.
ಹಬೆಗೆ ಹಿಡಿದೆ. ಚಮಚದ ಬೆನ್ನಿಂದ ತಿಕ್ಕಿದೆ.
ದೀಪ ಓರೆಯಾದಾಗ ಮತ್ತೆ ಅಲ್ಲೇ
ಕೊಕ್ಕೆ, ದುಂಡು, ಏಣಿ.

ತೊಮೆ ನೋಡಿದಳು, ಏನೂ ಅನ್ನಲಿಲ್ಲ.
ಹೊಸ ಹೆಸರು ಉದ್ದದ್ದು, ಸದ್ಯ.
ಮೊಣಕಾಲು ಒತ್ತಿ, ಅಗಲಿಸಿ, ಹಳೆಯದರ ಮೇಲೇ ಹೊಲಿದಳು.
ಊರನ್ನು ಮಾತ್ರ ಮುಟ್ಟಗೊಡಲಿಲ್ಲ.
‘ಅದನ್ನೂ ತೆಗೆಯಬೇಕಿತ್ತು’ ಎಂದ ಹೊಶಿನೊ.
‘ಅದು ಊರಲ್ಲ’ ಎಂದಳು.

ಈಗ ನನಗೂ ಬಲ ಮೊಣಕಾಲೇ ನೋವು.
ನಿದ್ದೆಯಲ್ಲಿ ಅದು ತಾನಾಗಿ ಆಚೆಗೆ ಒತ್ತುತ್ತದೆ,
ಯಾವುದನ್ನೋ ಮುಚ್ಚಲು
ಇನ್ನೂ ಒಂದೆಳೆ ಅಗಲ ಬೇಕೆಂಬಂತೆ.