ಉಪ್ಪು ತಿಂದ ಬೈಕು

ಯಲಬುರ್ಗಾ ಕಡೆಯವನು ನಾನು.
ನಮ್ಮಲ್ಲಿ ಕಬ್ಬಿಣ ದುಡಿದು ಸವೆಯುತ್ತದೆ.
ಕುಂಟೆಯ ಕುಡ ವರ್ಷ ವರ್ಷ ತೆಳ್ಳಗಾಗಿ
ಕನ್ನಡಿಯಾಗುತ್ತದೆ, ಮುಖ ನೋಡಿಕೊಳ್ಳಬಹುದು.
ಇಲ್ಲಿ, ಮುಹರ್ರಕ್‌ನಲ್ಲಿ,
ಸುಮ್ಮನೆ ನಿಂತದ್ದಕ್ಕೇ ಕರಗುತ್ತದೆ.

ಡಿಸೆಂಬರ್. ಊರಿಗೆ ಫೋನಿನಲ್ಲಿ ಹೇಳಿದರೆ ನಗುತ್ತಾರೆ,
ಮರಳುಗಾಡಿನಲ್ಲಿ ಎಂಥ ಚಳಿಯೋ ಎಂದು.
ಬೆಳಗಿನ ನಾಲ್ಕಕ್ಕೆ ಬಂದು ನೋಡಲಿ:
ಸೀಟಿನ ಮೇಲೆ ಇಬ್ಬನಿ ಕೂತು
ಟ್ಯಾಂಕಿನ ಹೊಟ್ಟೆಯಿಂದ ತೊಟ್ಟು ತೊಟ್ಟು,
ನೆಕ್ಕಿದರೆ ಉಪ್ಪು.
(ನೆಕ್ಕಿದ್ದೇನೆ. ಯಾರೂ ನೋಡಲಿಲ್ಲ.)

ಮೊದಲ ಚಳಿಗಾಲ, ಕಕ್ಕುಲಾತಿ ಹೆಚ್ಚಾಗಿ,
ಪ್ಲಾಸ್ಟಿಕ್ ಹಾಳೆ ಹೊದಿಸಿ ಹಗ್ಗ ಬಿಗಿದು ಮಲಗಿದೆ.
ವಾರದ ಮೇಲೆ ಬಿಚ್ಚಿದರೆ
ಸೈಲೆನ್ಸರಿನ ಕುತ್ತಿಗೆಗೆ ಕೆಂಪು ಗಜಕರ್ಣ.
ಗ್ಯಾರೇಜಿನ ಶೀನ ಖಾರ್ವಿ ಬೈದ:
"ಹಸಿ ಮೈಗೆ ಯಾರಾರೂ ಹೊದ್ಸ್‌ತ್ರಾ ಮಾರಾಯ?
ಒಣ್ಗ್ಲಿ ಮೊದ್ಲ್. ಉಸ್ರಾಡ್ಲಿ."
ಗಂಗೊಳ್ಳಿಯವನು, ದೋಣಿಗಳ ಹೊಟ್ಟೆ ಕೆರೆದು ಬೆಳೆದವನು.
ಉಪ್ಪು ಹೇಗೆ ಬರುತ್ತದೆ, ಎಲ್ಲಿ ಕೂತು ಉಣ್ಣುತ್ತದೆ
ಅವನ ಬೆರಳಿಗೆ ಗೊತ್ತು:
ನಟ್ಟಿನ ಬುಡ, ಕಡ್ಡಿಗಳು ರಿಮ್ಮಿಗೆ ಸೇರುವ ಸಂದಿ,
ಚೈನಿನ ಒಳಗೆ,
ಒರೆಸುವವನು ಸಾಕೆಂದು ಕೈಬಿಡುವ ಕಡೆ.

ಉಪ್ಪು ತಿಂದವನು ನೀರು ಕುಡಿಯಲೇಬೇಕು.
ತಿಂದದ್ದು ಬೈಕು, ಕುಡಿಸುವ ಪಾಳಿ ನನ್ನದು.
ಬೇಸಿಗೆಯಲ್ಲಾದರೆ ಏಸಿಯ ನೀರೇ ಸಾಕಿತ್ತು,
ಎಂಟು ಮಂದಿಯ ಕೋಣೆ ರಾತ್ರಿಯೆಲ್ಲ ಬೆವರಿ
ಒಂದು ಬಕೆಟ್ ತುಂಬಿಸುತ್ತಿತ್ತು.
ಚಳಿಗೆ ಏಸಿಗೆ ನಿದ್ದೆ. ನಮ್ಮ ಕಟ್ಟಡದ ನಲ್ಲಿ ಅರೆಸವಳು.
ಹಾಗಾಗಿ ಅದಕ್ಕೆ ಕ್ಯಾನಿನ ನೀರು, ನನಗೆ ನಲ್ಲಿಯದು.

ವ್ಯಾಸಲೀನಿನ ಡಬ್ಬಿ ಮಾತ್ರ ಇಬ್ಬರಿಗೂ ಒಂದೇ:
ಬ್ಯಾಟರಿಯ ಎರಡು ಕೊಂಬಿಗೆ,
ಶಮಾಲ್ ಗಾಳಿಗೆ ಒಡೆದ ನನ್ನ ತುಟಿಗೆ.
ತುಟಿಗೆ ಮೊದಲು ಹಚ್ಚಬೇಕೆಂಬುದನ್ನು
ಒಮ್ಮೆ ಮರೆತು ಕಲಿತೆ.

ಜನವರಿಯಲ್ಲಿ ಮಳೆ. ಒಂದೇ ಒಂದು,
ಆದರೆ ಹರಿದುಹೋಗಲು ದಾರಿಯಿಲ್ಲದ ನೀರು.
ಬುಸೈತೀನ್‌ನ ಓಣಿಯಲ್ಲಿ ಚಕ್ರ ಅರ್ಧ ಮುಳುಗಿ
ಬಿರಿಯಾನಿ ತಲೆಯ ಮೇಲೆ ಹೊತ್ತು ದಾಟಿದೆ.
ಬಾಗಿಲು ತೆರೆದ ಮುದುಕಿ ನನ್ನನ್ನಲ್ಲ,
ನೀರಲ್ಲಿ ನಿಂತ ಗಾಡಿಯನ್ನು ನೋಡಿ
"ಮಿಸ್ಕೀನ್" ಅಂದಳು. ಪಾಪ ಅಂತ.

ಆ ರಾತ್ರಿಯೇ ಬಿಚ್ಚಿದೆ.
ತಡ ಮಾಡಿದರೆ ಬೆಳಗಿಗೆ ಹೂ ಬಿಡುತ್ತದೆ ಎಂದಿದ್ದ ಶೀನ.
ಪಕ್ಕದ ಮುಚ್ಚಳ ತೆಗೆದರೆ, ಚೌಕಟ್ಟಿನ ಒಳಮೈಯಲ್ಲಿ
ಕೆಂಪು ಚುಕ್ಕೆಗಳು.
ಸಾಲಾಗಿ ಅಲ್ಲ, ತುಕ್ಕು ತಲೆಯೆತ್ತಿದಲ್ಲೆಲ್ಲ ಒಂದೊಂದು.
ಉಗುರಿನ ಬಣ್ಣ.
ನನಗಿಂತ ಮುಂಚೆ ಇದನ್ನು ಓಡಿಸಿದವನು
(ಹೆಸರು ಗೊತ್ತಿಲ್ಲ, ಕಂಪನಿ ಕೊಟ್ಟದ್ದು ಬೀಗದಕೈ ಮಾತ್ರ)
ಉಪ್ಪು ತಿಂದದ್ದನ್ನು ಉಪ್ಪುಕಾಗದದಲ್ಲೇ ಉಜ್ಜಿ, ಊದಿ,
ಉಗುರಿನಷ್ಟು ಜಾಗಕ್ಕೆ ಉಗುರಿನದೇ ಬಣ್ಣ ಹಚ್ಚಿದ್ದಾನೆ.
ಒಂದೆರಡು ಕಡೆ ಕುಂಚ ಜಾರಿದೆ.
ಚಳಿಗೆ ಕೈ ನಡುಗಿರಬೇಕು.
ಎಣಿಸಿದೆ: ಹದಿನೇಳು.

ನೂರು ಫಿಲ್ಸಿನ ಅಂಗಡಿಯಲ್ಲಿ ಕೆಂಪು ಮುಗಿದಿತ್ತು.
ಗುಲಾಬಿ ಕಟ್ಟಿಕೊಟ್ಟ ಹುಡುಗ ಕಣ್ಣು ಮಿಟುಕಿಸಿದ, ಯಾರಿಗೆ?
ತಂಗಿಗೆ, ಎಂದೆ. ಇರುವವರು ಅಣ್ಣಂದಿರು ಮಾತ್ರ.

ತುಕ್ಕು ಕಂಡರೆ ಠೇವಣಿಯಲ್ಲಿ ಇಪ್ಪತ್ತು ದಿನಾರ್ ಮುರಿಯುತ್ತಾರೆ,
ಅದು ನಿಜ, ಅದಕ್ಕೇ ಶುರುಮಾಡಿದ್ದು ನಾನು.
ಆದರೆ ಒಳಮೈಯನ್ನು ಯಾವ ಸೂಪರ್‌ವೈಸರನೂ ಬಿಚ್ಚಿ ನೋಡುವುದಿಲ್ಲ.
ಅದು ಅವನಿಗೂ ಗೊತ್ತಿತ್ತು.

ಹದಿನೆಂಟನೆಯದು ಒಣಗಲಿ ಎಂದು ಊದುತ್ತಾ ಕೂತಿದ್ದೆ.
ಫೋನ್ ಕೂಗಿತು: ಎರಡು ಶವರ್ಮಾ,
ನಾಲ್ಕನೇ ಮಹಡಿ, ಲಿಫ್ಟ್ ಕೆಟ್ಟಿದೆ.
ಎದ್ದೆ. ಎಲ್ಲೋ ಕಟ್ ಅಂದಿತು.
ಚೈನಿರಬೇಕೆಂದು ಬಗ್ಗಿ ನೋಡಿದೆ,
ಬಗ್ಗಿದಾಗ ಮತ್ತೆ ಅದೇ ಸದ್ದು, ನನ್ನ ಮೊಣಕಾಲಿನದು.
ಶೀನನನ್ನು ಕೇಳಬೇಕು.