ಹಳದಿ ಬಸ್ಸು

ಬೈಕಂಪಾಡಿಯ ಆಟಿಕೆ ಕಂಪೆನಿ.
ಮೇಜಿನ ಆಚೆ ಮೂವರು, ಈಚೆ ನಾನು,
ನಡುವೆ ಅಂಗೈಯಷ್ಟು ಹಳದಿ ಬಸ್ಸು.

"ಅನುಭವ?"
"ಹದಿನಾರು ವರ್ಷ. ದಿನಕ್ಕೆ ಎಂಟುನೂರು ಬೀಡಿ."
ಕನ್ನಡಕದವರು ಬರೆಯಹೋಗಿ ಪೆನ್ನು ಮುಚ್ಚಿದರು.
"ಸರಿ ಹರಿಣಾಕ್ಷಿ, ಇದನ್ನು ಮುರಿಯಿರಿ ನೋಡುವ."

ಮುರಿಯುವುದೆ?
ಎಲೆ ಹರಿದರೆ ಬ್ರಾಂಚಿನಲ್ಲಿ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ.
ಹರಿಯದ ಹಾಗೆ ಮಡಚಲು ಕಲಿತ ಬೆರಳು ಇವು.

ತಂಗಿಯ ಮಗನನ್ನು ನೆನೆದೆ.
ಮೊದಲು ಬಾಯಿಗೆ. ಬಣ್ಣ ಕಹಿಯಿರಲಿಲ್ಲ.
ಮೂವರೂ ಗೋಡೆ ನೋಡಿದರು.
ಆಮೇಲೆ ನೆಲಕ್ಕೆ, ಆಮೇಲೆ ಕುರ್ಚಿಯ ಕಾಲಡಿಗೆ,
ಆಮೇಲೆ ನಿದ್ದೆಗೆಟ್ಟು ಹಟ ಹಿಡಿದವನ ಹಾಗೆ
ಹಿಂದಿನ ಚಕ್ರ ತಿರುಚಿ, ತಿರುಚಿ
ಟಕ್.

"ಒಳ್ಳೆಯದು" ಎಂದರು.
ಯಾವುದು ಅಂತ ಹೇಳಲಿಲ್ಲ.
"ತಿಳಿಸುತ್ತೇವೆ."

ಕೂಳೂರು ಸಂಕದ ಮೇಲೆ ಬಸ್ಸು ಸಿಕ್ಕಿಕೊಂಡಾಗ
ಮುಷ್ಟಿ ಬಿಚ್ಚಿದೆ: ಚಕ್ರ ನನ್ನಲ್ಲೇ ಉಳಿದಿದೆ.
ಅಲ್ಲಿ ಮೇಜಿನ ಮೇಲೆ ಅದು
ಒಂದು ಬದಿಗೆ ವಾಲಿ ಕೂತಿರಬಹುದು,
ಮುಂದಿನವರ ಹೆಸರು ಕೂಗುತ್ತಿರಬಹುದು.

ಕಂಡಕ್ಟರ್ ಕೈ ಚಾಚಿದ.
ಏನೋ ಯೋಚನೆಯಲ್ಲಿ ಅದನ್ನೇ ಕೊಟ್ಟೆ.
ತಿರುಗಿಸಿ ನೋಡಿ, ನನ್ನ ಮುಖ ನೋಡಿ,
"ಇದು ಓಡುವುದಿಲ್ಲಕ್ಕಾ" ಎಂದ.